ಎಲೆಯೊಳಗೊಂದು ಕೊಳ

ಎಲೆ ಸಸ್ಯದ ಅಡುಗೆಮನೆ. ಬೇರು ಹೀರಿ ಕಳುಹಿಸಿದ ನೀರು, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್, ಸೂರ್ಯನ ಬೆಳಕು ಈ ಮೂರೂ ಅಲ್ಲಿ ಕೂಡಿದಾಗ ಸಸ್ಯಕ್ಕೆ ಬೇಕಾದ ಸಕ್ಕರೆ ಸಿದ್ಧವಾಗುತ್ತದೆ. ಈ ಅಡುಗೆಮನೆಗೆ ಕನ್ನ ಹಾಕುವ ಕೀಟಗಳಿಗೆ ಲೆಕ್ಕವಿಲ್ಲ. ಎಲೆಯ ಅಂಚನ್ನು ಕಡಿಯುವ ಕಂಬಳಿಹುಳು, ರಸ ಹೀರುವ ಹೇನು, ಎಲೆಯ ಪದರಗಳ ನಡುವೆ ಸುರಂಗ ತೋಡುವ ಹುಳು ಇವನ್ನು ಬೇಸಾಯ ಬಲ್ಲವರೆಲ್ಲರೂ ಬಲ್ಲರು. ಆದರೆ ಎಲೆಯೊಳಗೆ ಹುಟ್ಟಿ, ಎಲೆಯೊಳಗೇ ಬೆಳೆದು, ಎಲೆಯ ಒಂದು ಚೂರನ್ನೂ ತಿನ್ನದೆ ಬಾಳುವ ಕೀಟವೊಂದು ಉತ್ತರ ಅಮೆರಿಕದ ಜೌಗುಗಳಲ್ಲಿದೆ. ಎಲೆಯ ಪಾಲಿಗೆ ಅದು ಕಳ್ಳನಲ್ಲ. ಬಿಡಾರ ಪಡೆದು, ಪ್ರತಿಯಾಗಿ ದುಡಿದು ಕೊಡುವ ಒಕ್ಕಲು. ಸೊಳ್ಳೆಗಿಂತ ಹಿರಿದಲ್ಲದ ಈ ನೊರಜಿನ ಬಾಳನ್ನು ಅರಿಯಬೇಕಾದರೆ ಮೊದಲು ಅದರ ಊರನ್ನು ಅರಿಯಬೇಕು.

ಕೆನಡಾ ದೇಶದಲ್ಲಿಯೂ ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರ ಹಾಗೂ ಪೂರ್ವ ಭಾಗಗಳಲ್ಲಿಯೂ ವಿಶಾಲವಾದ ಜೌಗು ಪ್ರದೇಶಗಳಿವೆ. ಭತ್ತದ ಗದ್ದೆಯ ಕೆಸರಿಗೂ ಈ ಜೌಗಿಗೂ ಬಹಳ ಅಂತರವಿದೆ. ಗದ್ದೆಯ ಕೆಸರು ಸಾರವುಳ್ಳದ್ದು. ಈ ಜೌಗಾದರೋ ನಿಸ್ಸಾರವಾದುದು. ಇಲ್ಲಿ ನೆಲವನ್ನೆಲ್ಲ ಸ್ಫ್ಯಾಗ್ನಮ್ ಎಂಬ ಹಾವಸೆ ಮೆತ್ತೆಯಂತೆ ಮುಚ್ಚಿಕೊಂಡಿರುತ್ತದೆ. ಅದು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಸುತ್ತಲಿನ ನೀರನ್ನು ಹುಳಿಯಾಗಿಸುತ್ತದೆ. ಹುಳಿ ನೀರಿನಲ್ಲಿ, ಗಾಳಿಯಾಡದ ಆಳದಲ್ಲಿ, ಸತ್ತ ಹಾವಸೆ ಪೂರ್ಣವಾಗಿ ಕೊಳೆಯುವುದಿಲ್ಲ. ಅದು ಪದರದ ಮೇಲೆ ಪದರವಾಗಿ ಸಾವಿರಾರು ವರ್ಷಗಳ ಕಾಲ ಶೇಖರವಾಗುತ್ತ ಹೋಗುತ್ತದೆ. ಹೀಗೆ ಉಂಟಾದ ಕಂದುಬಣ್ಣದ ರಾಶಿಯೇ ಪೀಟ್. ಕೊಳೆಯದ ವಸ್ತುವಿನಲ್ಲಿ ಸಾರಜನಕ, ರಂಜಕ ಮೊದಲಾದವು ಸೆರೆಯಾಗಿ ಉಳಿದುಬಿಡುತ್ತವೆ. ಆದುದರಿಂದ ಅಲ್ಲಿ ಬೇರೂರಿದ ಗಿಡಕ್ಕೆ ನೀರಿಗೆ ಕೊರತೆಯಿಲ್ಲ, ಬೆಳಕಿಗೆ ಕೊರತೆಯಿಲ್ಲ. ಗೊಬ್ಬರಕ್ಕೆ ಮಾತ್ರ ತೀರದ ಬರ.

ಇಂಥ ಬಡ ನೆಲದಲ್ಲಿ ಬದುಕುವ ಉಪಾಯವನ್ನು ಕೆಲವು ಸಸ್ಯಗಳು ಕಂಡುಕೊಂಡಿವೆ. ಬೇರಿಗೆ ದೊರೆಯದ ಸಾರಜನಕವನ್ನು ಅವು ಕೀಟಗಳ ದೇಹದಿಂದ ಪಡೆಯುತ್ತವೆ. ಇವೇ ಕೀಟಾಹಾರಿ ಸಸ್ಯಗಳು. ಭಾರತದ ಮೇಘಾಲಯದಲ್ಲಿ ಬೆಳೆಯುವ ನೆಪೆಂಥಿಸ್ ಎಂಬ ಹೂಜಿಗಿಡ ಪ್ರಸಿದ್ಧವಾದುದು. ಅದರ ಎಲೆಯ ತುದಿಯಿಂದ ಒಂದು ಬಳ್ಳಿ ಇಳಿದು, ಆ ಬಳ್ಳಿಯ ಕೊನೆಯಲ್ಲಿ ಹೂಜಿ ತೂಗುತ್ತದೆ. ಉತ್ತರ ಅಮೆರಿಕದ ಜೌಗಿನ ಹೂಜಿಗಿಡ ಬೇರೆ ವಂಶದ್ದು. ಅದರ ಹೆಸರು ಸಾರಸೀನಿಯ ಪರ್ಪ್ಯೂರಿಯ. ಇದರಲ್ಲಿ ಎಲೆಯೆಲ್ಲವೂ ಸುರುಳಿಗೊಂಡು ಬೆಸೆದು ಹೂಜಿಯಾಗಿದೆ. ಇಂಥ ಹಲವಾರು ಹೂಜಿಗಳು ನೆಲಕ್ಕೆ ಒರಗಿಕೊಂಡು, ಬಾಯನ್ನು ಆಕಾಶಕ್ಕೆ ತೆರೆದು, ವರ್ತುಲಾಕಾರವಾಗಿ ಕುಳಿತಿರುತ್ತವೆ.

ಈ ಗಿಡದ ಹೆಸರಿನಲ್ಲಿ ಒಬ್ಬ ವೈದ್ಯನ ನೆನಪು ಉಳಿದಿದೆ. ಫ್ರಾನ್ಸಿನಲ್ಲಿ 1659ರಲ್ಲಿ ಜನಿಸಿ ಕೆನಡಾದ ಕ್ವಿಬೆಕ್ ನಗರದಲ್ಲಿ ನೆಲೆಸಿದ ಮಿಷೆಲ್ ಸರಾಸಿನ್ ಚಿಕಿತ್ಸೆಯ ನಡುವೆಯೇ ಅಲ್ಲಿನ ಸಸ್ಯಗಳನ್ನು ಸಂಗ್ರಹಿಸಿ ಪ್ಯಾರಿಸ್ಸಿನ ವಿದ್ವಾಂಸರಿಗೆ ಕಳುಹಿಸುತ್ತಿದ್ದ. ಆತನ ಗೌರವಾರ್ಥವಾಗಿ ಈ ಕುಲಕ್ಕೆ ಸಾರಸೀನಿಯ ಎಂಬ ಹೆಸರು ಬಂದಿತು. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಅದಕ್ಕೆ ಇಂದಿನ ಪೂರ್ಣ ಹೆಸರನ್ನು ಕೊಟ್ಟ. ಕೆನಡಾದ ನ್ಯೂಫೌಂಡ್‌ಲೆಂಡ್ ಪ್ರಾಂತವು 1954ರಲ್ಲಿ ಇದನ್ನು ತನ್ನ ಲಾಂಛನಪುಷ್ಪವನ್ನಾಗಿ ಆರಿಸಿಕೊಂಡಿತು.

ಹೂಜಿಯ ರಚನೆ ಒಂದು ಜಾಣ ಬಲೆಯೇ ಸರಿ. ಅದರ ಬಾಯಿಯ ಹಿಂದೆ ಎದ್ದುನಿಂತ ಹೆಡೆಯ ಮೇಲೆ ಕೆಂಪು ನರಗಳು ಹರಡಿರುತ್ತವೆ. ಅಂಚಿನಲ್ಲಿ ಸಿಹಿಯಾದ ರಸ ಒಸರುತ್ತದೆ. ಹೆಡೆಯ ಒಳಮೈಯಲ್ಲಿ ಬಿರುಸಾದ ರೋಮಗಳಿದ್ದು, ಅವೆಲ್ಲವೂ ಕೆಳಮುಖವಾಗಿ ಬಾಗಿರುತ್ತವೆ. ರಸದ ಆಸೆಗೆ ಬಂದ ಇರುವೆಗೆ ಇಳಿಯುವುದು ಸುಲಭ, ಹತ್ತುವುದು ಕಷ್ಟ. ರೋಮಗಳ ಕೆಳಗಿನ ಗೋಡೆ ನುಣುಪಾಗಿದೆ. ಅದರ ಕೆಳಗೆ ನೀರಿದೆ. ಈ ನೀರು ಗಿಡ ಸುರಿಸಿದ ರಸವಲ್ಲ; ಬಹುಪಾಲು ಮಳೆಯ ನೀರು. ಮುಚ್ಚಳವಿಲ್ಲದ ಹೂಜಿಯಾದುದರಿಂದ ಪ್ರತಿ ಮಳೆಗೂ ಅದು ತುಂಬಿಕೊಳ್ಳುತ್ತದೆ. ಹಾಗೆಂದು ಬೇಟೆ ಬಹಳವಾಗಿ ದೊರೆಯುತ್ತದೆಂದು ಭಾವಿಸಬಾರದು. 1998ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹೂಜಿಗೆ ಭೇಟಿ ಕೊಡುವ ನೂರು ಕೀಟಗಳಲ್ಲಿ ಒಂದು ಕೂಡ ಬಲೆಗೆ ಬೀಳುವುದು ಸಂದೇಹ. ಮಿಕ್ಕವು ಸಿಹಿಯನ್ನುಂಡು ಸುಖವಾಗಿ ಹಿಂದಿರುಗುತ್ತವೆ.

ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಬೇಟೆ ಬಿದ್ದರಾಯಿತೆ? ಅದು ಅರಗಬೇಕಲ್ಲವೆ? ಜೀರ್ಣಿಸಬಲ್ಲ ಕಿಣ್ವಗಳನ್ನು ಈ ಗಿಡ ಸುರಿಸುವುದು ಅಲ್ಪಸ್ವಲ್ಪ ಮಾತ್ರ. ಅದೂ ಮಳೆಯ ನೀರಿನಲ್ಲಿ ತೆಳುವಾಗಿಹೋಗುತ್ತದೆ. ಹೀಗೆ ಬೇಟೆಯಾಡುವ ಬಲ್ಮೆಯಿದ್ದರೂ ಉಣ್ಣುವ ಶಕ್ತಿ ಸಾಲದ ಈ ಗಿಡಕ್ಕೆ ಅಗಿದುಕೊಡುವ ಹಲ್ಲೂ ಅರಗಿಸಿಕೊಡುವ ಜಠರವೂ ಬೇರೆಡೆಯಿಂದ ಬರಬೇಕಾಯಿತು. ಬೇರೆ ಜೀವಿಗಳಿಗೆ ಮರಣಕೂಪವಾದ ಆ ನೀರಿನಲ್ಲಿ ಬದುಕಬಲ್ಲ ಜೀವಿಗಳು ಬಂದು ನೆಲೆಸಿ ಆ ಕೊರತೆಯನ್ನು ತುಂಬಿದವು. ಅವುಗಳಲ್ಲಿ ಮುಖ್ಯವಾದುದು ಈ ನೊರಜು.

ಸಂಜೆಯ ಹೊತ್ತು ಕೆರೆಯ ದಂಡೆಯಲ್ಲಿ ಹೊಗೆಯಂತೆ ಗುಂಪುಗೂಡಿ ಹಾರಾಡುವ ಸಣ್ಣ ಕೀಟಗಳನ್ನು ಹಳ್ಳಿಯವರೆಲ್ಲ ಕಂಡಿರುತ್ತಾರೆ. ನೋಟಕ್ಕೆ ಅವು ಸೊಳ್ಳೆಯಂತೆಯೇ ಇದ್ದರೂ ಕಚ್ಚುವುದಿಲ್ಲ. ಕೈರೊನಾಮಿಡೇ ಎಂಬ ದೊಡ್ಡ ಕುಟುಂಬಕ್ಕೆ ಸೇರಿದ ಇಂಥ ನೊರಜುಗಳು ಪ್ರಪಂಚದ ಕೆರೆ, ತೊರೆ, ಕುಂಟೆಗಳಲ್ಲೆಲ್ಲ ಇವೆ. ಹೂಜಿಗಿಡದ ನೊರಜೂ ಅದೇ ಕುಟುಂಬದ್ದು. ಅಮೆರಿಕದ ಕೀಟಶಾಸ್ತ್ರಜ್ಞ ಡೇನಿಯಲ್ ಕಾಕಿಲೆಟ್ 1904ರಲ್ಲಿ ಇದನ್ನು ಮೊದಲು ವರ್ಣಿಸಿ, ಫ್ರೆಡರಿಕ್ ನ್ಯಾಬ್ ಎಂಬ ಕೀಟಶಾಸ್ತ್ರಜ್ಞನ ಹೆಸರನ್ನು ಸೇರಿಸಿ ಮೆಟ್ರಿಯೊಕ್ನೀಮಸ್ ನ್ಯಾಬಿ ಎಂದು ಕರೆದ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ನ್ಯಾಬ್ ಸೊಳ್ಳೆಗಳ ವಿಷಯದಲ್ಲಿ ಹೆಸರಾಂತ ವಿದ್ವಾಂಸ. ಹೂಜಿಯ ಈ ನಿವಾಸಿಯನ್ನು ಕುರಿತು ಆತ 1905ರಲ್ಲಿ ಪ್ರತ್ಯೇಕ ಲೇಖನವನ್ನೇ ಬರೆದ.

ಹೆಣ್ಣು ನೊರಜು ಹೂಜಿಯೊಳಗೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಬಂದ ಡಿಂಭ ಬಿಳಿಚಾದ, ದಾರದ ತುಂಡಿನಂತಹ ಸಣ್ಣ ಹುಳು. ಪೂರ್ಣ ಬೆಳೆದಾಗಲೂ ಅದರ ಉದ್ದ ಒಂದು ಸೆಂಟಿಮೀಟರನ್ನು ಮುಟ್ಟುವುದಿಲ್ಲ. ಹೂಜಿಯ ತಳದಲ್ಲಿ ಇರುವೆಯ ತಲೆ, ನೊಣದ ರೆಕ್ಕೆ, ಜೀರುಂಡೆಯ ಕಾಲು ಇವುಗಳ ರಾಶಿ ಮಡ್ಡಿಯಾಗಿ ಕುಳಿತಿರುತ್ತದೆ. ಆ ಮಡ್ಡಿಯೇ ಡಿಂಭದ ಮನೆಯೂ ಹೌದು, ಅನ್ನವೂ ಹೌದು. ಒಂದೇ ಹೂಜಿಯಲ್ಲಿ ಹತ್ತಾರು ಡಿಂಭಗಳು ಹೊರಳಾಡುತ್ತ, ಸತ್ತ ಕೀಟಗಳ ಮೆದುಭಾಗವನ್ನು ಕೆರೆದು ತಿನ್ನುತ್ತ, ಗಟ್ಟಿಯಾದುದನ್ನು ಚೂರುಚೂರು ಮಾಡುತ್ತ ಬೆಳೆಯುತ್ತವೆ. ಬೆಳವಣಿಗೆ ಮುಗಿದ ಡಿಂಭ ತಳವನ್ನು ಬಿಟ್ಟು ಮೇಲೇರಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಹೂಜಿಯ ಗೋಡೆಗೆ ಅಂಟಿಕೊಂಡು, ಲೋಳೆಯಂತಹ ಮುದ್ದೆಯೊಳಗೆ ಕೋಶಾವಸ್ಥೆಯನ್ನು ಕಳೆಯುತ್ತದೆ. ಅಲ್ಲಿಂದ ರೆಕ್ಕೆ ಪಡೆದ ನೊರಜು ಹೊರಬಿದ್ದು ಮತ್ತೊಂದು ಹೂಜಿಯನ್ನು ಅರಸುತ್ತದೆ.

ಈ ಪುಟ್ಟ ಕೊಳದಲ್ಲಿ ನೊರಜು ಒಂಟಿಯಲ್ಲ. ಒಂದು ಲೋಟಕ್ಕೂ ಸಾಲದ ಅಲ್ಲಿನ ನೀರಿನಲ್ಲಿ ಮೂರು ಅಂತಸ್ತುಗಳಿವೆ. ಮೇಲಂತಸ್ತಿನಲ್ಲಿ ಒಂದು ಬಗೆಯ ಮಾಂಸನೊಣದ ಹುಳು ತನ್ನ ಬಾಲದ ಬಟ್ಟಲಿನಂತಹ ಭಾಗವನ್ನು ನೀರಿನ ಮೇಲ್ಮೈಗೆ ಆನಿಸಿ ತೇಲುತ್ತ, ಆಗತಾನೆ ಬಿದ್ದು ಮುಳುಗುತ್ತಿರುವ ಕೀಟಗಳನ್ನು ತಿನ್ನುತ್ತದೆ. ನಡುವಣ ನೀರಿನಲ್ಲಿ ವೈಯೋಮಿಯ ಎಂಬ ಸೊಳ್ಳೆಯ ಮರಿಗಳು ಈಜಾಡುತ್ತ, ಬಾಯಿಯ ಕುಂಚಗಳಿಂದ ನೀರನ್ನು ಸೋಸಿ ಬ್ಯಾಕ್ಟೀರಿಯಗಳನ್ನೂ ನವುರಾದ ಕಣಗಳನ್ನೂ ಉಣ್ಣುತ್ತವೆ. ತಳದ ಅಂತಸ್ತು ನೊರಜಿನದು. ಇವುಗಳ ಜೊತೆಗೆ ಏಕಕೋಶ ಜೀವಿಗಳೂ ನುಸಿಗಳೂ ಎಣಿಕೆಗೆ ಸಿಗದಷ್ಟು ಬ್ಯಾಕ್ಟೀರಿಯಗಳೂ ಇರುತ್ತವೆ. ಒಂದೇ ಮನೆಯಲ್ಲಿದ್ದರೂ ಇವುಗಳಲ್ಲಿ ಅನ್ನಕ್ಕಾಗಿ ದೊಡ್ಡ ಕಲಹವಿಲ್ಲ. ಒಂದೊಂದರ ಊಟವೂ ಬೇರೆ ಬೇರೆ.

ಕಲಹವಿಲ್ಲದಿರುವುದು ಮಾತ್ರವಲ್ಲ, ಒಂದರ ದುಡಿಮೆ ಇನ್ನೊಂದಕ್ಕೆ ಊಟವಾಗುತ್ತದೆಂಬುದನ್ನು ಸ್ಟೀಫನ್ ಹರ್ಡ್ ಎಂಬ ವಿಜ್ಞಾನಿ 1994ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ತೋರಿಸಿಕೊಟ್ಟರು. ನೊರಜಿನ ಡಿಂಭಗಳು ಹೆಚ್ಚಾಗಿದ್ದಷ್ಟೂ ಸೊಳ್ಳೆಯ ಮರಿಗಳ ಬೆಳವಣಿಗೆ ಚೆನ್ನಾಗಿತ್ತು. ಕಾರಣ ಸ್ಪಷ್ಟ. ನೊರಜು ಸತ್ತ ಕೀಟವನ್ನು ಚೂರುಮಾಡಿದಾಗ ಸಣ್ಣ ಕಣಗಳು ನೀರಿನಲ್ಲಿ ಬೆರೆಯುತ್ತವೆ. ಆ ಕಣಗಳ ಮೇಲೆ ಬ್ಯಾಕ್ಟೀರಿಯಗಳು ವೃದ್ಧಿಯಾಗುತ್ತವೆ. ಅವೆರಡೂ ಸೊಳ್ಳೆಯ ಮರಿಗೆ ಆಹಾರ. ಸೊಳ್ಳೆಯಿಂದ ನೊರಜಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಬ್ಬರು ಕುಟ್ಟಿದುದನ್ನು ಇನ್ನೊಬ್ಬರು ಜರಡಿ ಹಿಡಿದಂತೆ ಇಲ್ಲಿಯ ಕೆಲಸ ಸಾಗುತ್ತದೆ.

ಕಡೆಯ ಪಾಲು ಗಿಡಕ್ಕೆ ಸಲ್ಲುತ್ತದೆ. ಕುಟ್ಟಿ, ಸೋಸಿ, ಕೊಳೆತು ಉಳಿದುದರಿಂದ ಅಮೋನಿಯ ರೂಪದ ಸಾರಜನಕ ಬಿಡುಗಡೆಯಾಗಿ ಎಲೆಯ ಗೋಡೆಯ ಮೂಲಕ ಸಸ್ಯದೊಳಕ್ಕೆ ಸೇರುತ್ತದೆ. ಹುಳುಗಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡನ್ನೂ ಎಲೆ ಬಳಸಿಕೊಳ್ಳುತ್ತದೆ. ಇದಕ್ಕೆ ಪ್ರತಿಯಾಗಿ ಹಗಲಿನಲ್ಲಿ ಎಲೆ ಆಮ್ಲಜನಕವನ್ನು ನೀರಿಗೆ ಬಿಡುತ್ತದೆ. ಹೆಣಗಳು ತುಂಬಿದ ನೀರು ಕೊಳೆತು ನಾರಿಹೋಗದೆ ಹುಳುಗಳಿಗೆ ವಾಸಯೋಗ್ಯವಾಗಿರುವುದು ಈ ಆಮ್ಲಜನಕದ ಬಲದಿಂದ. ಹುಳುಗಳಿರುವ ಹೂಜಿಯಲ್ಲಿ ಸಾರಜನಕ ಬೇಗನೆ ಬಿಡುಗಡೆಯಾಗುವುದನ್ನು ವಿಲಿಯಂ ಬ್ರಾಡ್‌ಷಾ ಮತ್ತು ಅವರ ಸಹೋದ್ಯೋಗಿ 1984ರಲ್ಲಿ ವರದಿ ಮಾಡಿದರು. ಮುಂದೆ ನಡೆದ ಸಂಶೋಧನೆಗಳಿಂದ ಅರಗಿಸುವ ಕೆಲಸದಲ್ಲಿ ಬ್ಯಾಕ್ಟೀರಿಯಗಳ ಪಾಲೇ ಹಿರಿದೆಂದು ತಿಳಿದುಬಂದಿದೆ. ನೊರಜು ಆ ಕೆಲಸವನ್ನು ಚುರುಕುಗೊಳಿಸುವ ಸಹಾಯಕ.

ಉತ್ತರದ ಜೌಗುಗಳಲ್ಲಿ ಚಳಿಗಾಲ ಕಠೋರವಾದುದು. ಹೂಜಿಯ ನೀರು ತಳದವರೆಗೂ ಹೆಪ್ಪುಗಟ್ಟುತ್ತದೆ. ಹಾರಿಹೋಗಲು ರೆಕ್ಕೆಯಿಲ್ಲದ, ಹೂತುಕೊಳ್ಳಲು ಮಣ್ಣಿಲ್ಲದ ಡಿಂಭ ಆ ಮಂಜುಗಡ್ಡೆಯೊಳಗೆ ಸೆರೆಯಾಗಿ, ಬೆಳವಣಿಗೆಯನ್ನು ನಿಲ್ಲಿಸಿ, ವಸಂತದವರೆಗೆ ನಿದ್ರಿಸುತ್ತದೆ. ಚಳಿ ಬರುವ ಸೂಚನೆ ಅದಕ್ಕೆ ದೊರೆಯುವುದು ಹಗಲಿನ ಉದ್ದದಿಂದ. ಹಗಲು ಕಿರಿದಾಗುತ್ತಲೇ ಅದು ವಿಶ್ರಾಂತಿಗೆ ಸಿದ್ಧವಾಗುತ್ತದೆ. ನೆರೆಯ ಸೊಳ್ಳೆಯ ಮರಿಯದೂ ಇದೇ ಪಂಚಾಂಗ. ಈ ಪಂಚಾಂಗವೇ ಈಗ ಬದಲಾಗುತ್ತಿದೆ. ಬ್ರಾಡ್‌ಷಾ ಮತ್ತು ಕ್ರಿಸ್ಟೀನಾ ಹೋಲ್‌ಜಾಪ್ಫೆಲ್ ಅವರು 1972ರ ಹಾಗೂ 1996ರ ಸೊಳ್ಳೆಗಳನ್ನು ಹೋಲಿಸಿ, ಉತ್ತರದ ಸೊಳ್ಳೆಗಳು ಮೊದಲಿಗಿಂತ ಸುಮಾರು 9 ದಿನ ತಡವಾಗಿ ನಿದ್ರೆಗೆ ತೊಡಗುತ್ತಿರುವುದನ್ನು 2001ರಲ್ಲಿ ಪ್ರಕಟಿಸಿದರು. ಭೂಮಿ ಬಿಸಿಯಾಗಿ ಬೇಸಗೆ ದೀರ್ಘವಾದುದೇ ಇದಕ್ಕೆ ಕಾರಣ. ಹವಾಮಾನದ ಬದಲಾವಣೆಗೆ ಜೀವಿಯೊಂದರ ಆನುವಂಶಿಕ ಗುಣವೇ ಮಾರ್ಪಟ್ಟುದಕ್ಕೆ ದೊರೆತ ಮೊದಮೊದಲ ಸಾಕ್ಷ್ಯಗಳಲ್ಲಿ ಇದೊಂದು. ಅದು ದೊರೆತುದು ಒಂದು ಎಲೆಯೊಳಗಿನ ನೀರಿನಲ್ಲಿ ಎಂಬುದು ಗಮನಾರ್ಹ.

ಗಿಡಕ್ಕೂ ನೊರಜಿಗೂ ಇರುವ ನಂಟು ಸಮಸಮವಾದುದಲ್ಲ. ಯೂರೋಪಿನ ಕೆಲವು ಜೌಗುಗಳಲ್ಲಿ ಮನುಷ್ಯರು ತಂದು ನೆಟ್ಟ ಸಾರಸೀನಿಯ ಗಿಡಗಳು ತಮ್ಮ ತೌರಿನ ಹುಳುಗಳ ನೆರವಿಲ್ಲದೆಯೂ ಹುಲುಸಾಗಿ ಬೆಳೆದಿವೆ; ಬ್ಯಾಕ್ಟೀರಿಯಗಳು ಎಲ್ಲೆಡೆಯೂ ಇರುವುದರಿಂದ ಕೆಲಸ ನಿಲ್ಲುವುದಿಲ್ಲ. ಆದರೆ ಗಿಡವಿಲ್ಲದೆ ನೊರಜು ಇರಲಾರದು. ಕೆರೆಯಲ್ಲಾಗಲಿ ಹೊಂಡದಲ್ಲಾಗಲಿ ಅದರ ಸಂತಾನ ಬೆಳೆಯುವುದಿಲ್ಲ. ವಿಶಾಲವಾದ ಖಂಡದಲ್ಲಿ ಅದಕ್ಕಿರುವ ನೆಲೆ ಹೂಜಿಯ ತಳದ ಆ ಒಂದು ಬೊಗಸೆ ನೀರು ಮಾತ್ರ.

ಆ ನೆಲೆಗೆ ಎದುರಾಗಿರುವ ಅಪಾಯ ವಿಚಿತ್ರವಾದುದು. ಬರ, ಬೆಂಕಿ, ಬಿರುಗಾಳಿ ಇವುಗಳಿಂದ ಜೀವಿಗಳು ನಾಶವಾಗುವುದುಂಟು. ಹೂಜಿಯ ಕೊಳಕ್ಕಾದರೋ ಸಮೃದ್ಧಿಯೇ ಅಪಾಯ. ಕಾರ್ಖಾನೆ ಮತ್ತು ವಾಹನಗಳ ಹೊಗೆಯಿಂದಲೂ ಹೊಲಗಳಿಗೆ ಹಾಕಿದ ಗೊಬ್ಬರದಿಂದಲೂ ಹೊರಟ ಸಾರಜನಕದ ಸಂಯುಕ್ತಗಳು ಗಾಳಿಯಲ್ಲಿ ಬೆರೆತು, ಮಳೆಯೊಡನೆ ದೂರದ ಜೌಗಿನ ಮೇಲೂ ಬೀಳುತ್ತವೆ. ಇದರ ಪರಿಣಾಮವನ್ನು ಆರನ್ ಎಲಿಸನ್ ಮತ್ತು ನಿಕೊಲಸ್ ಗೊಟೆಲಿ ಎಂಬ ವಿಜ್ಞಾನಿಗಳು ಅಮೆರಿಕದ ಮ್ಯಾಸಚೂಸೆಟ್ಸ್ ಮತ್ತು ವರ್ಮಾಂಟ್ ರಾಜ್ಯಗಳ ಜೌಗುಗಳಲ್ಲಿ ಪರಿಶೀಲಿಸಿ 2002ರಲ್ಲಿ ವರದಿ ಮಾಡಿದರು. ಸಾರಜನಕ ಹೆಚ್ಚಾಗಿ ದೊರೆತ ಗಿಡಗಳ ಎಲೆಗಳಲ್ಲಿ ಹೂಜಿಯ ಕೊಳವೆ ಕಿರಿದಾಗುತ್ತ ಹೋಗಿ, ಎಲೆ ಚಪ್ಪಟೆಯಾಯಿತು. ಬೇಟೆಯ ಅಗತ್ಯವೇ ಇಲ್ಲದಿರುವಾಗ ಬಲೆಯನ್ನೇಕೆ ಹೆಣೆಯಬೇಕು? ಬೆಳಕನ್ನು ಹಿಡಿಯಲು ಚಪ್ಪಟೆ ಎಲೆಯೇ ಮೇಲು. ಗಿಡದ ಪಾಲಿಗೆ ಇದು ವಿವೇಕವಾಗಿರಬಹುದು. ನೊರಜಿನ ಪಾಲಿಗೆ ಮನೆ ಮುಚ್ಚಿಹೋದಂತೆ. ಎಲೆ ಹೂಜಿಯಾಗದಿದ್ದರೆ ಕೊಳವಿಲ್ಲ, ಕೊಳವಿಲ್ಲದಿದ್ದರೆ ನೊರಜಿಲ್ಲ.

ಕೊಳವಿರುವ ಹೂಜಿಗೂ ಮಿತಿಮೀರಿದ ಊಟ ಒಗ್ಗುವುದಿಲ್ಲ. 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ವಿಜ್ಞಾನಿಗಳು ಒಣಗಿಸಿ ಪುಡಿಮಾಡಿದ ಕಣಜದ ಹುಳುಗಳನ್ನು ಹೂಜಿಗಳಿಗೆ ದಿನದಿನವೂ ಹಾಕಿ ನೋಡಿದರು. ಅಳತೆ ಮೀರಿದಾಗ ಬ್ಯಾಕ್ಟೀರಿಯಗಳು ಹೆಚ್ಚಿ, ಎಲೆ ಒದಗಿಸುತ್ತಿದ್ದ ಆಮ್ಲಜನಕವೆಲ್ಲ ಮುಗಿದು, ತಿಳಿಯಾಗಿದ್ದ ನೀರು ಕಲಕಿದ ಕೊಳಚೆಯಾಯಿತು. ನಗರದ ಕೊಳಚೆ ಸೇರಿದ ಕೆರೆಗಳಲ್ಲಿ ಮೀನುಗಳು ಉಸಿರುಕಟ್ಟಿ ಸತ್ತು ತೇಲುವುದು ಇದೇ ಕಾರಣದಿಂದ. ಬೃಹತ್ತಾದ ಕೆರೆಯಲ್ಲಿ ವರ್ಷಗಳ ಅವಧಿಯಲ್ಲಿ ನಡೆಯುವ ಈ ಅನಾಹುತವನ್ನು ಹೂಜಿಯಲ್ಲಿ ಕೆಲವೇ ದಿನಗಳಲ್ಲಿ ಕಾಣಬಹುದು. ಆದುದರಿಂದಲೇ ಕೆರೆ ಕೆಡುವ ಮುನ್ಸೂಚನೆಗಳನ್ನು ಅರಿಯಲು ವಿಜ್ಞಾನಿಗಳು ಹೂಜಿಯನ್ನು ಪುಟ್ಟ ಮಾದರಿಯಾಗಿ ಬಳಸುತ್ತಿದ್ದಾರೆ.

ಇನ್ನು ಜೌಗನ್ನೇ ಬರಿದುಮಾಡುವ ಕಾರ್ಯವೂ ನಡೆದುಬಂದಿದೆ. ಕಾಲುವೆ ತೋಡಿ ನೀರನ್ನು ಹರಿಯಬಿಟ್ಟು ಹೊಲ ಮಾಡುವುದು, ತೋಟಗಾರಿಕೆಗಾಗಿ ಪೀಟನ್ನು ಅಗೆದು ಮಾರುವುದು ಇವುಗಳಿಂದ ಹಾವಸೆ ಒಣಗಿ ಹೂಜಿಗಿಡಗಳು ಕಾಣೆಯಾಗುತ್ತವೆ. ಇದರಿಂದ ನೊರಜಿಗಷ್ಟೇ ಹಾನಿಯೆಂದು ತಿಳಿಯುವುದು ತಪ್ಪು. ಪೀಟ್ ನೆಲಗಳು ಭೂಮಿಯ ಒಣನೆಲದ ನೂರರಲ್ಲಿ ಸುಮಾರು 3 ಪಾಲನ್ನು ಮಾತ್ರ ಆವರಿಸಿದ್ದರೂ, ಜಗತ್ತಿನ ಮಣ್ಣಿನಲ್ಲಿರುವ ಇಂಗಾಲದ ಸುಮಾರು ಮೂರನೆಯ ಒಂದು ಪಾಲು ಅವುಗಳಲ್ಲಿ ಅಡಗಿದೆ. ನೀರು ಬತ್ತಿದ ಪೀಟಿಗೆ ಗಾಳಿ ತಾಗಿ ಅದು ಕೊಳೆಯತೊಡಗಿದರೆ ಆ ಇಂಗಾಲ ಡೈಆಕ್ಸೈಡಾಗಿ ವಾಯುಮಂಡಲವನ್ನು ಸೇರುತ್ತದೆ. ಭೂಮಿಯ ಬಿಸಿ ಮತ್ತಷ್ಟು ಏರುತ್ತದೆ. ಎಲೆಯೊಳಗಿನ ಪಂಚಾಂಗವನ್ನು ಬದಲಿಸಿದ್ದು ಇದೇ ಬಿಸಿಯಲ್ಲವೆ?

ನಿಸ್ಸಾರವಾದ ನೆಲವನ್ನು ಮನುಷ್ಯ ಬಹುಕಾಲದಿಂದ ಪಾಳು ಎಂದು ಕರೆಯುತ್ತ ಬಂದಿದ್ದಾನೆ. ಆದರೆ ಆ ನಿಸ್ಸಾರತೆಯೇ ಗಿಡದ ಎಲೆಯನ್ನು ಹೂಜಿಯಾಗಿಸಿತು. ಹೂಜಿ ಮಳೆಯನ್ನು ಹಿಡಿದು ಕೊಳವಾಯಿತು. ಕೊಳ ನೊರಜಿಗೆ, ಸೊಳ್ಳೆಗೆ, ಕಣ್ಣಿಗೆ ಕಾಣದ ಜೀವರಾಶಿಗೆ ಊರಾಯಿತು. ಕೊರತೆಯ ನಡುವೆ ಹಂಚಿಕೊಂಡು ಉಣ್ಣುವ ಈ ಸಂಸಾರಕ್ಕೆ ಬೇಡಿದ ದಾನದ ಅಗತ್ಯವಿಲ್ಲ. ಬೇಡದ ಗೊಬ್ಬರದ ಅಗತ್ಯವಂತೂ ಇಲ್ಲವೇ ಇಲ್ಲ. ಜೌಗನ್ನು ಜೌಗಾಗಿಯೇ ಉಳಿಯಗೊಟ್ಟರೆ ಸಾಕು. ಹೇಮಂತದಲ್ಲಿ ಮಂಜುಗಡ್ಡೆಯಾದ ಹೂಜಿ ವಸಂತದ ಬಿಸಿಲಿಗೆ ಕರಗಿದಾಗ, ತಳದ ಮಡ್ಡಿಯೊಳಗೆ ಬಿಳಿಚಾದ ಪುಟ್ಟ ಹುಳು ಮತ್ತೆ ಹೊರಳಿ ತನ್ನ ಕೆಲಸಕ್ಕೆ ತೊಡಗುತ್ತದೆ.